ಸಿನಿಮಾ ಪತ್ರಿಕೆಯ ಮುಖಪುಟ ಮಾಡಿಸಬೇಕಾ? ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ಒಂದು ಡಿಟಿಪಿ ಅಂಗಡಿ ಬಗ್ಗೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಕಾಲೇಜಿನ ಪ್ರಾಜೆಕ್ಟ್ ಕೊನೆ ದಿನ ಹತ್ತಿರ ಬಂದವರಿಗೆ ಪೂರ್ತಿ ಓದುವಷ್ಟು ಪುರಸೊತ್ತು ಇರುವುದಿಲ್ಲ. ಈ ಅಂಗಡಿಗೆ ಹೋಗಿ, ಧೈರ್ಯವಾಗಿ ಹೋಗಿ. ಕನ್ನಡ ಅಕ್ಷರದ ಕೆಲಸದಲ್ಲಿ ಇವರನ್ನು ಮೀರಿಸುವವರನ್ನು ನಾನಂತೂ ಕಲಬುರಗಿಯಲ್ಲಿ ನೋಡಿಲ್ಲ. ಆದರೆ ಯಾವುದು ಎಲ್ಲಿ ಬರಬೇಕು, ಎಲ್ಲಿ ಜಾಗ ಖಾಲಿ ಬಿಡಬೇಕು ಅನ್ನೋದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. ಅದನ್ನು ಅವರ ಕೈಗೆ ಬಿಟ್ಟರೆ ನಿಮ್ಮ ಪತ್ರಿಕೆ ಹುಟ್ಟುಹಬ್ಬದ ಫ್ಲೆಕ್ಸ್ ಆಗಿ ಹೊರಗೆ ಬರುತ್ತದೆ.

ಅಂಗಡಿ ಹೆಸರು ಬರೆಯುತ್ತಿಲ್ಲ. ಕೆಳಗೆ ಒಂದೆರಡು ದೂರುಗಳಿವೆ, ಅವು ಈ ಊರಿನ ಬೇರೆ ಡಿಟಿಪಿ ಅಂಗಡಿಗಳಲ್ಲೂ ಇರುವಂಥವೇ, ಒಬ್ಬರ ಹೆಸರು ಹಿಡಿದು ಹೇಳುವುದು ಸರಿ ಅನ್ನಿಸಲಿಲ್ಲ. ಸೂಪರ್ ಮಾರ್ಕೆಟ್ ಕಡೆ ಓಡಾಡುವವರಿಗೆ ಎರಡು ಸಾಲು ಓದಿದರೆ ಗೊತ್ತಾಗಿಬಿಡುತ್ತೆ.

ನಮ್ಮ ಪ್ರಾಜೆಕ್ಟ್ ಏನಿತ್ತು ಅಂದರೆ, ಪತ್ರಿಕೋದ್ಯಮ ವಿಭಾಗದಲ್ಲಿ ಮೂರು ಜನರ ತಂಡ ಮಾಡಿ ಒಂದು ಕಿರುಚಿತ್ರ ತೆಗೆಯಬೇಕು, ಆಮೇಲೆ ಇಲ್ಲದ ಒಂದು ಸಿನಿಮಾ ಪತ್ರಿಕೆಯನ್ನು ಕಲ್ಪಿಸಿಕೊಂಡು ಅದರ ಮುಖಪುಟಕ್ಕೆ ಆ ಚಿತ್ರವನ್ನು ತರಬೇಕು. ಫೋಟೊ ನಾವೇ ತೆಗೆದದ್ದಾಗಿರಬೇಕು, ಪತ್ರಿಕೆಗೆ ಹೆಸರು ನಾವೇ ಇಡಬೇಕು, ಒಳಗೆ ಏನೇನಿದೆ ಅಂತ ಹೇಳುವ ಸಾಲುಗಳನ್ನೂ ನಾವೇ ಬರೆಯಬೇಕು. ನಮ್ಮ ಚಿತ್ರ ತೊಗರಿ ರಾಶಿಯ ಕಣದಲ್ಲಿ ನಡೆಯುವ ಕಥೆ. ಪತ್ರಿಕೆಗೆ ‘ಪಿಚ್ಚರ್’ ಅಂತ ಹೆಸರಿಟ್ಟೆವು, ನಮ್ಮ ಕಡೆ ಸಿನಿಮಾಕ್ಕೆ ಹೋಗುವವರು ಹಾಗೇ ಅಲ್ವಾ ಅನ್ನೋದು. ಮುಖಪುಟಕ್ಕೆ ನಮ್ಮ ನಾಯಕಿಯದೇ ಫೋಟೊ. ಗಿಳಿ ಹಸಿರು ಸೀರೆ, ಹಿಂದೆ ಶಹಾಬಾದ ಕಲ್ಲಿನ ಗೋಡೆ, ಬೆಳಗಿನ ಓರೆ ಬಿಸಿಲು. ಬೇಸಿಗೆಯಲ್ಲಿ ಇಲ್ಲಿ ಒಂಬತ್ತು ಗಂಟೆ ದಾಟಿದರೆ ಮುಖದ ಮೇಲೆ ಕಣ್ಣಿನ ಗುಳಿ, ಮೂಗಿನ ನೆರಳು ಕಪ್ಪಾಗಿ ಬೀಳುತ್ತದೆ, ಅದಕ್ಕೇ ಏಳಕ್ಕೆಲ್ಲ ತೆಗೆದು ಮುಗಿಸಿದ್ದೆವು.

ಫೋನಿನಲ್ಲೇ ಮಾಡಿಕೊಳ್ಳಬಹುದಲ್ಲ, ಕ್ಯಾನ್ವಾ ಅನ್ನುವ ಡಿಸೈನ್ ಆ್ಯಪ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಅದರಲ್ಲಿ ಕನ್ನಡ ಫಾಂಟ್‌ಗಳೂ ಇವೆ, ಒತ್ತಕ್ಷರ ಒಡೆಯುವುದಿಲ್ಲ, ಬ್ಲೀಡ್ (ಕತ್ತರಿಸಲು ಹೊರಗೆ ಬಿಡುವ ಅಂಚು) ಸಮೇತ ಪಿಡಿಎಫ್ ಇಳಿಸಿಕೊಳ್ಳಬಹುದು. ಮೊದಲ ನಕ್ಷೆಯನ್ನು ನಾವು ಅದರಲ್ಲೇ ಮಾಡಿಕೊಂಡೆವು, ನೀವೂ ಹಾಗೇ ಮಾಡಿ. ತೊಂದರೆ ಇರುವುದು ಎರಡು ಕಡೆ. ಮುದ್ರಣಕ್ಕೆ ಬೇಕಾದ ಸಿಎಂವೈಕೆ, ಅಂದರೆ ನಾಲ್ಕು ಶಾಯಿಗಳ ಲೆಕ್ಕದ ಬಣ್ಣ, ಪುಕ್ಕಟೆ ಖಾತೆಯಲ್ಲಿ ಸಿಗುವುದಿಲ್ಲ, ದುಡ್ಡು ಕೊಟ್ಟವರಿಗೆ ಮಾತ್ರ. ಇನ್ನೊಂದು ಅದಕ್ಕಿಂತ ದೊಡ್ಡದು: ಪತ್ರಿಕೆಯ ಹೆಸರು. ಫಾಂಟ್‌ನಲ್ಲಿ ಟೈಪ್ ಮಾಡಿ ದೊಡ್ಡದು ಮಾಡಿದರೆ ಅದು ಟೈಪ್ ಮಾಡಿದ ಹಾಗೇ ಕಾಣುತ್ತದೆ. ಪತ್ರಿಕೆಯ ಹೆಸರು ಹಾಗಿರಬಾರದು. ಅದನ್ನು ಬರೆದಿರಬೇಕು, ಕಡೆದಿರಬೇಕು, ಅದು ಆ ಪತ್ರಿಕೆಗೆ ಮಾತ್ರ ಸೇರಿದ್ದು ಅನ್ನಿಸಬೇಕು. ಚಿಕ್ಕಮ್ಮನ ಮನೆಯಲ್ಲಿ ಕಟ್ಟಿಟ್ಟಿದ್ದ ಹಳೆಯ ಸಿನಿಮಾ ಪತ್ರಿಕೆಗಳನ್ನು ಹರಡಿಕೊಂಡು ನೋಡಿದೆ. ಹೆಸರಿನ ಅಕ್ಷರ ನೋಡಿದರೆ ಸಾಕು, ದೂರದಿಂದಲೇ ಯಾವ ಪತ್ರಿಕೆ ಅಂತ ಹೇಳಬಹುದು. ಅಂಥ ಅಕ್ಷರ ಬೇಕು ಅಂತ ಹುಡುಕಿಕೊಂಡು ಹೋಗಿದ್ದು ಈ ಅಂಗಡಿಗೆ.

ಅಂಗಡಿ ಚಿಕ್ಕದು. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಒಂದು ಲ್ಯಾಮಿನೇಷನ್ ಮಷೀನು, ಗೋಡೆ ತುಂಬ ಲಗ್ನಪತ್ರಿಕೆಗಳ ಮಾದರಿ. ಕಲರ್ ಪ್ರಿಂಟ್ ಅಲ್ಲೇ ಆಗುವುದಿಲ್ಲ, ಅವರಿಗೆ ಗುರುತಿರುವ ಇನ್ನೊಂದು ಕಡೆ ಕಳಿಸಿ ತರಿಸುತ್ತಾರೆ. ಒಳಗಿನ ಕಂಪ್ಯೂಟರ್ ಮುಂದೆ ಕೂರುವ ಅಣ್ಣ ಈ ಕೆಲಸದಲ್ಲಿ ಹಳಬರು. ಪೇಜ್‌ಮೇಕರ್ (ಪುಟ ಜೋಡಿಸುವ ಹಳೆಯ ತಂತ್ರಾಂಶ) ಕಾಲದಿಂದ ಪಾಂಪ್ಲೆಟ್, ರಸೀದಿ ಪುಸ್ತಕ, ಜಾತ್ರೆಯ ಪತ್ರಿಕೆ, ಮಠದ ಸ್ಮರಣ ಸಂಚಿಕೆ ಎಲ್ಲ ಮಾಡಿದ ಕೈ. ಅವರ ಪಕ್ಕ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿ ಕೂರಿಸುತ್ತಾರೆ. ಈ ಒಂದು ಕಾರಣಕ್ಕೇ ನಾನು ಈ ಅಂಗಡಿಗೆ ಹೆಚ್ಚು ಅಂಕ ಕೊಡುತ್ತೇನೆ. ಬೇರೆ ಕಡೆ ‘ವಾಟ್ಸಾಪ್ ಮಾಡಿ ಹೋಗ್ರಿ, ನಾಳೆ ಬರ್ರಿ’ ಅನ್ನುತ್ತಾರೆ. ಇಲ್ಲಿ ಪರದೆ ಮೇಲೆ ಏನಾಗುತ್ತಿದೆ ಅಂತ ಕಣ್ಣಾರೆ ನೋಡಬಹುದು, ಬೇಡ ಅನ್ನಬಹುದು, ಹಾಗಲ್ಲ ಹೀಗೆ ಅನ್ನಬಹುದು.

ಈಗ ಆ ಅಕ್ಷರದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮುಖಪುಟ ಮಾಡುವ ಯಾವ ಪಾಠದಲ್ಲೂ ಇದನ್ನು ನಮಗೆ ಹೇಳಿಕೊಟ್ಟಿರಲಿಲ್ಲ.

ಇಂಗ್ಲಿಷ್ ಸಿನಿಮಾ ಪತ್ರಿಕೆಗಳಲ್ಲಿ ಒಂದು ಉಪಾಯ ತುಂಬ ಬಳಕೆಯಲ್ಲಿದೆ. ನಟನ ತಲೆ ಪತ್ರಿಕೆಯ ಹೆಸರಿನ ಮೇಲೆ ಬರುತ್ತದೆ, ಒಂದೆರಡು ಅಕ್ಷರ ಅರ್ಧ ಮುಚ್ಚಿರುತ್ತದೆ. ಅದರಿಂದ ನಟ ಪುಟದಿಂದ ಮುಂದೆ ಬಂದು ನಿಂತ ಹಾಗೆ ಕಾಣುತ್ತಾನೆ. ಹೆಸರು ಮುಚ್ಚಿದರೂ ಓದುಗರಿಗೆ ಗೊತ್ತಾಗುತ್ತದೆ. ನಮ್ಮ ಮೇಷ್ಟ್ರೂ ಇದನ್ನೇ ಮಾಡಿ ಅಂದಿದ್ದರು. ಕ್ಯಾನ್ವಾದಲ್ಲಿ ಮಾಡಿಟ್ಟುಕೊಂಡಿದ್ದ ನಕ್ಷೆಯನ್ನು ಅಣ್ಣನಿಗೆ ತೋರಿಸಿದೆವು, ನಾಯಕಿಯ ತಲೆ ಸರಿಯಾಗಿ ನಡುವೆ, ‘ಪಿಚ್ಚರ್’ನ ‘ಚ್ಚ’ ಮೇಲೆ. ಅವರು ನೋಡಿದ ತಕ್ಷಣ ಬೆರಳಿಟ್ಟು ಹೇಳಿದರು: ‘ಅಕ್ಕಾ, ಇಲ್ಲಿ ಒತ್ತು ಹೋಯ್ತಲ್ಲ. ಈಗ ಪಿಚರ್ ಅಂತ ಆಗ್ತದ ನೋಡ್ರಿ.’

ನಿಜ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ತಲೆ ಬಂದು ಮುಚ್ಚುವುದು ಸರಿಯಾಗಿ ಅದೇ ಜಾಗವನ್ನು. ಬರೀ ಒತ್ತು ಮಾತ್ರ ಅಲ್ಲ. ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ, ಇವುಗಳ ವ್ಯತ್ಯಾಸ ಇರುವುದು ಅಕ್ಷರದ ಬುಡದಲ್ಲಿರುವ ಚಿಕ್ಕ ಸೀಳಿನಲ್ಲಿ. ಬುಡ ಮುಚ್ಚಿದರೆ ಅಕ್ಷರವೇ ಬದಲಾಗುತ್ತದೆ. ಸರಿ, ಮೇಲೆ ಮುಚ್ಚೋಣ ಅಂದರೆ ತಲೆಕಟ್ಟು, ಗುಡಿಸು, ಏತ್ವ ಎಲ್ಲ ಅಲ್ಲೇ ಇವೆ, ಮುಚ್ಚಿದರೆ ಸ್ವರ ಹೋಯಿತು. ಅಂದರೆ ಕನ್ನಡ ಪತ್ರಿಕೆಯ ಹೆಸರಿನ ಮೇಲೆ ತಲೆ ತರುವ ಮುಂಚೆ ಯಾವ ಅಕ್ಷರದ ಯಾವ ಮೂಲೆ ಹೋದರೆ ನಷ್ಟವಿಲ್ಲ ಅಂತ ನೋಡಲೇಬೇಕು. ನಮ್ಮ ಹೆಸರಿನಲ್ಲಿ ಅಂಥ ಜಾಗ ಒಂದೇ ಇತ್ತು, ಕೊನೆಯ ‘ರ್’ನ ಎಡ ಬುಡ. ಅಣ್ಣ ಫೋಟೊವನ್ನೇ ಬಲಕ್ಕೆ ಸರಿಸಿದರು. ನಾಯಕಿಯ ತುರುಬು ‘ರ್’ನ ಸುತ್ತಿನೊಳಗೆ ಅರ್ಧ ಇಳಿದು ನಿಂತಿತು. ಎಡಗಡೆ ಜಾಗ ತಾನಾಗಿ ಖಾಲಿಯಾಯಿತು, ಸಾಲುಗಳಿಗೆ ಅದೇ ಜಾಗ ಬೇಕಿತ್ತು. ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಓರೆಯಾಗಿ ಜೋಡಿಸಿರುತ್ತಾರಲ್ಲ, ಅಲ್ಲಿ ಕಾಣುವುದು ಮೇಲಿನ ಪಟ್ಟಿ ಮತ್ತು ಎಡದ ಅಂಚು ಮಾತ್ರ. ಹಾಗಾಗಿ ಎಡಗಡೆ ಸಾಲು ಬಂದದ್ದು ಎಲ್ಲ ರೀತಿಯಲ್ಲೂ ಒಳ್ಳೆಯದೇ ಆಯಿತು.

ಆಮೇಲೆ ಹೆಸರನ್ನು ಕಡೆಯುವ ಕೆಲಸ. ಒಂದು ದಪ್ಪ ಫಾಂಟ್‌ನಲ್ಲಿ ‘ಪಿಚ್ಚರ್’ ಹೊಡೆದು, ಕೋರಲ್ ಡ್ರಾ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಅದನ್ನು ಕರ್ವ್ ಮಾಡಿದರು. ಕರ್ವ್ ಮಾಡಿದ ಮೇಲೆ ಅದು ಅಕ್ಷರ ಅಲ್ಲ, ಗೆರೆಗಳ ಆಕಾರ, ಚುಕ್ಕಿ ಚುಕ್ಕಿ ಹಿಡಿದು ಎಳೆಯಬಹುದು. ಕೆಳಗಿನ ಚ-ಒತ್ತು ಫಾಂಟ್‌ನಲ್ಲಿ ಸಣ್ಣದಾಗಿ, ತೆಳ್ಳಗೆ ಇತ್ತು. ಅದನ್ನು ಮೇಲಿನ ಚ ಎಷ್ಟು ದಪ್ಪವಿತ್ತೋ ಅಷ್ಟೇ ದಪ್ಪ ಮಾಡಿದರು, ಮೇಲಕ್ಕೆ ಎತ್ತಿ ಹತ್ತಿರ ತಂದರು, ಅದರ ಬಾಲವನ್ನು ಬಲಕ್ಕೆ ಎಳೆದು ‘ರ್’ನ ಬುಡದ ಕೆಳಗೆ ತನಕ ಒಯ್ದರು. ಪಿ ಮೇಲಿನ ಗುಡಿಸಿನ ಸುರುಳಿಯನ್ನು ಸ್ವಲ್ಪ ಬಿಚ್ಚಿ ಅಗಲ ಮಾಡಿದರು. ‘ರ್’ನ ತುದಿಯಲ್ಲಿ ಮೇಲೆ ಏಳುವ ಬಾಲಕ್ಕೂ ಅದೇ ಸುರುಳಿ ಕೊಟ್ಟರು, ಈ ಕಡೆ ಒಂದು ಆ ಕಡೆ ಒಂದು. ಬಾಯಲ್ಲಿ ಮಾತಿಲ್ಲ, ಕೈ ಮಾತ್ರ ಮೌಸಿನ ಮೇಲೆ. ನಮಗೆ ಏನೂ ಹೇಳುವ ಅಗತ್ಯವೇ ಬರಲಿಲ್ಲ. ಮುಗಿದಾಗ ಪರದೆ ಮೇಲೆ ನಿಂತಿದ್ದ ಹೆಸರು ಯಾವ ಫಾಂಟ್‌ನಲ್ಲೂ ಸಿಗುವಂಥದ್ದಲ್ಲ. ನಾನು ಎದ್ದು ಬಾಗಿಲ ತನಕ ಹೋಗಿ ಅಲ್ಲಿಂದ ನೋಡಿದೆ, ದೂರಕ್ಕೂ ಗಟ್ಟಿಯಾಗಿ ನಿಲ್ಲುತ್ತಿತ್ತು. ಇಂಥ ಕೈ ಇರುವವರು ಲಗ್ನಪತ್ರಿಕೆಯಲ್ಲಿ ಹೆಸರು ಬದಲಿಸುತ್ತಾ ದಿನ ಕಳೆಯುತ್ತಾರೆ ಅನ್ನೋದು ನನಗೆ ನಿಜವಾಗಿ ಬೇಜಾರಿನ ವಿಷಯ.

ಹೆಸರು ಹೀಗಾಯಿತು. ಉಳಿದ ಸಾಲುಗಳಿಗೆ ಬಂದಾಗ ಹಳೆಯ ತಲೆನೋವು ಶುರು. ನಾವು ಎಲ್ಲವನ್ನೂ ಯೂನಿಕೋಡ್‌ನಲ್ಲಿ, ಅಂದರೆ ಫೋನು, ಇಂಟರ್ನೆಟ್ ಎಲ್ಲ ಕಡೆ ನಡೆಯುವ ಅಕ್ಷರದಲ್ಲಿ, ಟೈಪ್ ಮಾಡಿಕೊಂಡು ಹೋಗಿದ್ದೆವು. ಈ ಅಂಗಡಿಯವರು ಇನ್ನೂ ಹಳೆಯ ಬಗೆಯ ಫಾಂಟ್‌ಗಳಲ್ಲೇ ಕೆಲಸ ಮಾಡುತ್ತಾರೆ, ಕನ್ನಡ ಟೈಪಿಂಗಿನ ಶ್ರೀಲಿಪಿ ಇದೆ, ನುಡಿಯ ಹಳೆಯ ಫಾಂಟ್‌ಗಳಿವೆ. ಅವರ ಕಂಪ್ಯೂಟರ್‌ನಲ್ಲಿರುವ ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ಅಂಟಿಸಿದರೆ ಒತ್ತಕ್ಷರ ಒಡೆದು ಸಾಲಾಗಿ ಬರುತ್ತದೆ, ಇಲ್ಲವೇ ಬರೀ ಚೌಕದ ಡಬ್ಬಿಗಳು. ಪೇಜ್‌ಮೇಕರ್‌ಗಂತೂ ಯೂನಿಕೋಡ್ ಗೊತ್ತೇ ಇಲ್ಲ, ಅದರ ಕೊನೆಯ ದೊಡ್ಡ ಆವೃತ್ತಿ ಬಂದದ್ದೇ 2001ರಲ್ಲಿ. ನೀವು ಯೂನಿಕೋಡ್ ತಂದರೆ ಅವರು ಪರಿವರ್ತಕಕ್ಕೆ ಹಾಕುತ್ತಾರೆ ಅಥವಾ ಮತ್ತೆ ಟೈಪ್ ಮಾಡುತ್ತಾರೆ. ತಪ್ಪು ನುಸುಳುವುದು ಇಲ್ಲಿಯೇ.

ಇದಕ್ಕೆ ದಾರಿ ಇದೆ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನೋಟೊ ಸೆರಿಫ್ ಕನ್ನಡ ಇವೆ, ಪುಕ್ಕಟೆ, ಮುದ್ರಣಕ್ಕೂ ಬಳಸಬಹುದು. ಅನೇಕ್ ಕನ್ನಡ ನನಗೆ ತುಂಬ ಇಷ್ಟವಾಯಿತು, ಒಂದೇ ಫಾಂಟ್‌ನಲ್ಲಿ ತೆಳುವಿನಿಂದ ದಪ್ಪದ ತನಕ, ಕಿರಿದಿನಿಂದ ಅಗಲದ ತನಕ ಎಲ್ಲ ಸಿಗುತ್ತದೆ, ಮುಖಪುಟದ ಸಾಲುಗಳಿಗೆ ಬೇಕಾದದ್ದು ಅದೇ. ಸಾಲುಗಳನ್ನು ಮನೆಯಲ್ಲೇ ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಹಾಕಿ, ಅಲ್ಲಿಯೇ ಆಕಾರಗಳಾಗಿ ಬದಲಿಸಿ, ಪಿಡಿಎಫ್ ಮಾಡಿ ಒಯ್ದರೆ ಅಂಗಡಿಯ ಯಾವ ಕಂಪ್ಯೂಟರ್‌ನಲ್ಲೂ ಒಡೆಯುವುದಿಲ್ಲ. ಇಂಕ್‌ಸ್ಕೇಪ್‌ಗೆ ದುಡ್ಡಿಲ್ಲ, ಕನ್ನಡದ ಒತ್ತಕ್ಷರ ಅದರಲ್ಲಿ ಸರಿಯಾಗಿಯೇ ಬರುತ್ತದೆ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಕೈಯಿಂದ ಹೆಚ್ಚಿಸಿ. ಅಡೋಬಿಯ ತಂತ್ರಾಂಶಗಳಲ್ಲಿ ತಾನಾಗಿ ಬರುವ ಅಂತರ ಅಕ್ಷರದ ಅಳತೆಯ 120 ಶೇಕಡಾ, ಅದು ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾವು 140ರ ಹತ್ತಿರ ಇಟ್ಟೆವು, ಚೆನ್ನಾಗಿ ಉಸಿರಾಡುತ್ತಿತ್ತು.

ಈಗ ದೂರುಗಳು.

ಮೊದಲನೆಯದು ಜಾಗದ್ದು. ಅಕ್ಷರದಲ್ಲಿ ಅಷ್ಟು ಸೂಕ್ಷ್ಮ ಇರುವ ಅದೇ ಅಣ್ಣ, ಪುಟದಲ್ಲಿ ಖಾಲಿ ಜಾಗ ಕಂಡರೆ ಸುಮ್ನೆ ಇರಲಾರರು. ನಾಯಕಿಯ ಭುಜದ ಪಕ್ಕ ಕಲ್ಲಿನ ಗೋಡೆ ಮಾತ್ರ ಕಾಣುವ ಜಾಗ ಇತ್ತು. ಅಲ್ಲಿ ಒಂದು ಫಿಲ್ಮ್ ರೀಲಿನ ಚಿತ್ರ ಬಂತು. ಬೇಡ ಅಂದೆವು. ಕ್ಲ್ಯಾಪ್ ಬೋರ್ಡ್ ಬಂತು. ಬೇಡ ಅಂದೆವು. ಕೆಳಗೆ ಬಂಗಾರದ ಬಣ್ಣದ ಪಟ್ಟಿ, ಸಾಲುಗಳಿಗೆ ಬಿಳಿ ಔಟ್‌ಲೈನ್, ಅದರ ಹೊರಗೆ ಕೆಂಪು ಔಟ್‌ಲೈನ್, ಅದಕ್ಕೊಂದು ನೆರಳು. ‘ಖಾಲಿ ಬಿಟ್ರ ಗಿರಾಕಿ ಬೈತಾರ್ರಿ’ ಅಂದರು. ಅವರು ಹೇಳಿದ್ದೂ ಅರ್ಥವಾಗುತ್ತದೆ. ಫ್ಲೆಕ್ಸ್ ಕಟ್ಟಿಸುವವರು ಕೊಟ್ಟ ದುಡ್ಡಿಗೆ ಎಲ್ಲರ ಹೆಸರು, ಎಲ್ಲರ ಫೋಟೊ ಬರಲೇಬೇಕು ಅನ್ನುತ್ತಾರೆ, ಅವರ ಕೈಗೆ ಆ ಅಭ್ಯಾಸ ಆಗಿಹೋಗಿದೆ. ಓಡುವ ಗಾಡಿಯಿಂದ ಜಗತ್ ಸರ್ಕಲ್‌ನಲ್ಲಿ ನೋಡುವ ಫ್ಲೆಕ್ಸಿಗೆ ದಪ್ಪ ಔಟ್‌ಲೈನ್ ಬೇಕೇನೋ. ಕೈಯಲ್ಲಿ ಹಿಡಿದು ನೋಡುವ ಪತ್ರಿಕೆಗೆ ಬೇಡ. ಕಣ್ಣು ಮೊದಲು ನಾಯಕಿಯ ಕಣ್ಣಿಗೆ ಹೋಗಬೇಕು, ಆಮೇಲೆ ದೊಡ್ಡ ಸಾಲಿಗೆ, ಆಮೇಲೆ ಬೇಕಾದರೆ ಸಣ್ಣ ಸಾಲುಗಳಿಗೆ. ಎಲ್ಲವೂ ಒಟ್ಟಿಗೆ ಕೂಗಿದರೆ ಯಾವುದೂ ಕೇಳಿಸುವುದಿಲ್ಲ.

ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು, ಆದರೆ ಮರ್ಯಾದೆಯಿಂದ. ನಾವು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದ ನಕ್ಷೆ ಮುಂದಿಟ್ಟೆವು, ಪ್ರತಿ ಸಾಲಿಗೂ ಜಾಗ ಗುರುತು ಮಾಡಿದ್ದು. ಅದು ಮುಂದೆ ಬಂದ ಮೇಲೆ ವಾದ ನಿಂತಿತು. ಮಾತಿನಲ್ಲಿ ‘ಸಿಂಪಲ್ ಆಗಿ ಮಾಡ್ರಿ’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ, ನಕ್ಷೆ ತೋರಿಸಿದರೆ ಅಳತೆ ಹಿಡಿದು ಹಾಗೇ ಮಾಡಿಕೊಡುತ್ತಾರೆ.

ಎರಡನೆಯದು ಕಾಗುಣಿತ. ನಾವು ಕೊಟ್ಟ ಸಾಲನ್ನು ಮತ್ತೆ ಟೈಪ್ ಮಾಡಿದಾಗ ದೊಡ್ಡ ಅಕ್ಷರದಲ್ಲಿ ‘ಸಂಧರ್ಶನ’ ಅಂತ ಬಂತು. ಸಂದರ್ಶನ ಅಂತ ತೋರಿಸಿದರೆ, ಹೊರಗಿನ ಕಂಪ್ಯೂಟರ್‌ನಲ್ಲಿ ಕೂತಿದ್ದ ಹುಡುಗ ‘ಎಲ್ಲರೂ ಹಿಂಗೇ ಬರೀತಾರ್ರಿ’ ಅಂದ. ‘ವಿಶೇಷ’ ಕೂಡ ‘ವಿಷೇಶ’ ಆಗಿತ್ತು. ತಿದ್ದಿಕೊಟ್ಟರು, ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ತಾವಾಗಿ ನೋಡುವುದಿಲ್ಲ. ಪ್ರೂಫನ್ನು ಪರದೆ ಮೇಲೆ ನೋಡಿ ಹ್ಞೂಂ ಅನ್ನಬೇಡಿ. ಮಾಮೂಲಿ ಕಾಗದದಲ್ಲಿ ಕಪ್ಪು ಬಿಳುಪು ಪ್ರಿಂಟ್ ಕೇಳಿ, ಹೊರಗೆ ಬಂದು ಚಹಾ ಕುಡಿಯುತ್ತಾ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಅಕ್ಷರ ಅಕ್ಷರ ನೋಡಿ.

ಬಾರ್‌ಕೋಡ್ ವಿಷಯವನ್ನೂ ಇಲ್ಲೇ ಹೇಳುತ್ತೇನೆ. ಮುಖಪುಟದಲ್ಲಿ ಬೆಲೆ, ತಿಂಗಳು, ಬಾರ್‌ಕೋಡ್ ಇದ್ದರೆ ಅದು ನಿಜವಾದ ಪತ್ರಿಕೆ ಅನ್ನಿಸುತ್ತದೆ. ಅಂಗಡಿಯವರು ತಮ್ಮ ಬಳಿ ಇದ್ದ ಒಂದು ಬಾರ್‌ಕೋಡ್ ತಂದು ಹಚ್ಚಿದರು, ಅದು 890ರಿಂದ ಶುರುವಾಗಿತ್ತು. 890 ಅಂದರೆ ಭಾರತದ ಕಂಪನಿಗಳ ಸರಕಿನದು, ಸೋಪು, ಬಿಸ್ಕತ್ತಿನ ಮೇಲೆ ಇರುವಂಥದ್ದು. ಪುಸ್ತಕಕ್ಕೆ 978, ಪತ್ರಿಕೆಗೆ 977. ಆ 977ರ ಹಿಂದೆ ಬರುವುದು ಐಎಸ್‌ಎಸ್‌ಎನ್, ಪ್ರತಿ ಪತ್ರಿಕೆಗೂ ಬೇರೆ ಬೇರೆ ಕೊಡುವ ಸಂಖ್ಯೆ. ಇಲ್ಲದ ಪತ್ರಿಕೆಗೆ ಅದು ಎಲ್ಲಿಂದ ಬರಬೇಕು? ಇನ್ನೊಂದು ಪತ್ರಿಕೆಯದ್ದನ್ನು ಎತ್ತಿ ಹಾಕುವುದು ಸರಿಯಲ್ಲ. ನಾವು 977 ಬರೆದು ಮುಂದೆ ಸೊನ್ನೆಗಳನ್ನು ಹಾಕಿಸಿದೆವು, ಮಾದರಿ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಮೌಲ್ಯಮಾಪನಕ್ಕೆ ಬಂದವರು ಇದೊಂದನ್ನೇ ಬೆರಳಿಟ್ಟು ಕೇಳಿದರು, ಹಾಗಾಗಿ ಸಣ್ಣ ವಿಷಯ ಅಂತ ಬಿಡಬೇಡಿ.

ಫೋಟೊ ಬಗ್ಗೆ ಅಂಗಡಿಯವರು ತುಂಬ ಸಡಿಲ. ಏನು ಕೊಟ್ಟರೂ ಇಟ್ಟುಕೊಳ್ಳುತ್ತಾರೆ, ಇದು ಸಾಲದು ಅಂತ ಹೇಳುವುದಿಲ್ಲ. ಎ4 ಮುಖಪುಟ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ ಫೋಟೊ 2480 ಗುಣಿಸು 3508 ಪಿಕ್ಸೆಲ್ ಇರಬೇಕು. ನಮ್ಮ ಪಕ್ಕದಲ್ಲೇ ಇನ್ನೊಂದು ಕಾಲೇಜಿನ ತಂಡ ಕೂತಿತ್ತು, ಅವರ ಫೋಟೊ ವಾಟ್ಸಾಪ್‌ನಲ್ಲಿ ಬಂದದ್ದು. ವಾಟ್ಸಾಪ್‌ನಲ್ಲಿ ಮಾಮೂಲಿ ಕಳಿಸಿದರೆ ಉದ್ದದ ಕಡೆ 1600 ಪಿಕ್ಸೆಲ್ ಆಸುಪಾಸಿಗೆ ಇಳಿದುಬಿಡುತ್ತದೆ, ಅಂದರೆ ಎ4 ತುಂಬ ಹರಡಿದರೆ 140 ಡಿಪಿಐ ಕೂಡ ಬರುವುದಿಲ್ಲ. ಫೋನಿನಲ್ಲಿ ಚೆಂದವಾಗಿ ಕಾಣುತ್ತಿದ್ದ ಮುಖ ಕಾಗದದಲ್ಲಿ ಮೆತ್ತಗಾಗಿ ಬಂತು, ರೆಪ್ಪೆಗೂದಲು ಕಾಣಲೇ ಇಲ್ಲ, ಪಾಪ ಅವರು ದುಡ್ಡು ಕೊಟ್ಟು ಮತ್ತೆ ಮಾಡಿಸಿದರು. ಮೊದಲೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ, ಇಲ್ಲವೇ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ.

ಹಾಗೇ, ‘ಫೋಟೊ ಯಾಕ್ರಿ, ನೆಟ್‌ನಾಗ ಹೀರೋದು ತಗೀತೀನಿ’ ಅಂತ ಅಂದರೆ ಒಪ್ಪಬೇಡಿ. ಬೇರೆಯವರು ತೆಗೆದ ಫೋಟೊಗೆ ಹಕ್ಕು ಅವರದು. ಅದೂ ಅಲ್ಲದೆ ಪ್ರಾಜೆಕ್ಟ್‌ನ ಅರ್ಧ ಕೆಲಸ ಇರುವುದೇ ಆ ಫೋಟೊದಲ್ಲಿ.

ಮುದ್ರಣ. ಇದರಲ್ಲಿ ನನಗೆ ಮಿಶ್ರ ಅಭಿಪ್ರಾಯ. ನಮ್ಮ ಗಿಳಿ ಹಸಿರು ಸೀರೆ ಪರದೆ ಮೇಲೆ ಹೊಳೆಯುತ್ತಿತ್ತು, ಮೊದಲ ಪ್ರಿಂಟ್‌ನಲ್ಲಿ ಒಣಗಿದ ಎಲೆಯ ಬಣ್ಣಕ್ಕೆ ಬಂತು. ಇದು ಅಂಗಡಿಯ ತಪ್ಪಲ್ಲ, ಪರದೆಯ ಬೆಳಕಿನ ಹಸಿರನ್ನು ನಾಲ್ಕು ಶಾಯಿಗಳ ಮಿಶ್ರಣದಲ್ಲಿ ಹಾಗೆಯೇ ತರಲು ಆಗುವುದಿಲ್ಲ, ಅದರಲ್ಲೂ ಹೊಳೆಯುವ ಹಸಿರು, ಕಡು ನೀಲಿ, ಕಿತ್ತಳೆ. ಆದರೆ ಮೊದಲೇ ಸಿಎಂವೈಕೆಗೆ ಬದಲಿಸಿ ತೋರಿಸಿದ್ದರೆ ನಾವು ಪರದೆ ಮೇಲೆಯೇ ನೋಡಿ ತಿದ್ದಿಸುತ್ತಿದ್ದೆವು. ಕೇಳಿದ ಮೇಲೆ ಮಾಡಿದರು. ಹಸಿರಿನಲ್ಲಿ ಇದ್ದ ಕೆಂಪಿನ ಅಂಶ ತೆಗೆದು ಹಳದಿ ಹೆಚ್ಚಿಸಿದಾಗ ಸೀರೆಗೆ ಸ್ವಲ್ಪ ಜೀವ ಬಂತು. ಶಹಾಬಾದ ಕಲ್ಲಿನ ಬೂದು ಮಾತ್ರ ಎಷ್ಟು ಚೆಂದ ಬಂತು ಅಂದರೆ, ಕಲ್ಲಿನ ಮೇಲಿನ ಉಳಿ ಗುರುತು ಕೂಡ ಎಣಿಸಬಹುದು. ಆ ಬೂದಿನ ಮೇಲೆ ಹೆಸರನ್ನು ಅರಿಶಿನ ಬಣ್ಣದಲ್ಲಿ ಇಟ್ಟಿದ್ದೆವು, ತೊಗರಿ ಬೇಳೆಯ ಬಣ್ಣ, ಔಟ್‌ಲೈನ್ ಇಲ್ಲದೆಯೇ ಎದ್ದು ನಿಂತಿತು.

ಕಾಗದಕ್ಕೆ ‘ಯಾವ್ದಿರಬೇಕು’ ಅಂತ ಕೇಳುತ್ತಾರೆ, ಗೊತ್ತಿಲ್ಲ ಅಂದರೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಆರ್ಟ್ ಕಾರ್ಡ್ ಹಾಕಿಬಿಡುತ್ತಾರೆ. ಅದು ವಿಸಿಟಿಂಗ್ ಕಾರ್ಡಿಗೆ ಸರಿ, ಪತ್ರಿಕೆಗೆ ಜಾಸ್ತಿ ಗಡಸು. 170 ಜಿಎಸ್‌ಎಂ ಆರ್ಟ್ ಪೇಪರ್ ಕೇಳಿ, ಕೈಯಲ್ಲಿ ಹಿಡಿದರೆ ಪತ್ರಿಕೆಯ ಹಾಗೇ ಬಾಗುತ್ತದೆ. ಪ್ರಿಂಟ್ ಆಗುವುದು 13 ಗುಣಿಸು 19 ಇಂಚಿನ ಹಾಳೆಯಲ್ಲಿ, ಬ್ಲೀಡ್ ಸೇರಿಸಿದರೂ ಎರಡು ಎ4 ಮುಖಪುಟ ಒಂದೇ ಹಾಳೆಯಲ್ಲಿ ಕೂರುತ್ತವೆ. ಇದನ್ನು ಅವರು ತಾವಾಗಿ ಹೇಳಲಿಲ್ಲ, ಕೇಳಿದ್ದಕ್ಕೆ ಒಂದು ಹಾಳೆಯ ದುಡ್ಡಿನಲ್ಲಿ ಎರಡು ಪ್ರತಿ ಸಿಕ್ಕವು. ಬ್ಲೀಡ್ ಅಂದರೆ ನಾಲ್ಕೂ ಕಡೆ 3 ಮಿ.ಮೀ. ಚಿತ್ರವನ್ನು ಹೊರಗೆ ಬಿಡುವುದು, ಕತ್ತರಿಸುವಾಗ ಬಿಳಿ ಅಂಚು ಬರಬಾರದು ಅಂತ. ಈ ಅಂಗಡಿಯವರು ಇದನ್ನು ಚೆನ್ನಾಗಿ ಮಾಡುತ್ತಾರೆ, ಕಟಿಂಗ್ ಎಲ್ಲೂ ಓರೆಯಾಗಿರಲಿಲ್ಲ. ಲ್ಯಾಮಿನೇಷನ್ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಮಾಡಿಸಿ. ಗ್ಲಾಸಿ ಮಾಡಿಸಿದರೆ ಟ್ಯೂಬ್‌ಲೈಟ್ ಕೆಳಗೆ ನಾಯಕಿಯ ಮುಖದ ಮೇಲೆ ಬಿಳಿ ಪಟ್ಟೆ ಹೊಳೆಯುತ್ತದೆ.

ದುಡ್ಡು. ಡಿಸೈನಿಗೆ 400 ರೂಪಾಯಿ ತೆಗೆದುಕೊಂಡರು, ವಿದ್ಯಾರ್ಥಿಗಳು ಅಂತ ಹೇಳಿದ ಮೇಲೆ. ಹಾಳೆಗೆ 40 ರೂಪಾಯಿ, ಲ್ಯಾಮಿನೇಷನ್ ಬೇರೆ. ಹೆಸರು ಕಡೆದ ಕೆಲಸಕ್ಕೆ ಬೇರೆ ಏನೂ ಕೇಳಲಿಲ್ಲ, ನನ್ನ ಪ್ರಕಾರ ಆ ಕೆಲಸ ಒಂದಕ್ಕೇ ಅದಕ್ಕಿಂತ ಹೆಚ್ಚು ಕೊಡಬೇಕು. ಬೆಂಗಳೂರಿನಲ್ಲಿ ಇಂಥದ್ದಕ್ಕೆ ಎಷ್ಟು ಹೇಳುತ್ತಾರೆ ಅಂತ ಗೆಳೆಯರೊಬ್ಬರು ಹೇಳಿದಾಗ ನಮಗೆ ಮಾತೇ ಹೊರಡಲಿಲ್ಲ. ಚೌಕಾಸಿ ಮಾಡಬೇಡಿ ದಯವಿಟ್ಟು.

ಸಮಯದ ವಿಷಯದಲ್ಲಿ ಮಾತ್ರ ಅವರ ಮಾತು ನಂಬಿ ಕೂರಬೇಡಿ. ‘ಸಂಜೀಕ್ ಕೊಡ್ತೀನ್ರಿ’ ಅಂದರೆ ಮಾರನೆ ದಿನ ಅಂತಲೇ ಲೆಕ್ಕ. ಮದುವೆ ಸೀಸನ್ ಇದ್ದರಂತೂ ಲಗ್ನಪತ್ರಿಕೆ ಮುಂದೆ ಬೇರೆ ಯಾವ ಕೆಲಸವೂ ನಿಲ್ಲುವುದಿಲ್ಲ, ನಮ್ಮ ಫೈಲ್ ತೆಗೆದು ಅರ್ಧಕ್ಕೇ ಬಿಟ್ಟು ಬೀಗರ ಹೆಸರು ತಿದ್ದಲು ಹೋದದ್ದೂ ಇದೆ. ಬೇಸಿಗೆಯ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಶಟರ್ ಅರ್ಧ ಎಳೆದಿರುತ್ತಾರೆ, ಒಳಗೆ ಕೆಲಸ ನಡೆದಿರುತ್ತದೆ. ಆ ಹೊತ್ತಿಗೆ ಶಟರ್ ತಟ್ಟಿ ‘ಅಣ್ಣಾ’ ಅಂತ ಕರೆದರೆ ಒಳಗೆ ಕರೆದುಕೊಳ್ಳುತ್ತಾರೆ, ನಮ್ಮ ಹೆಸರಿನ ಕೆಲಸ ಆದದ್ದು ಅಂಥದೇ ಮಧ್ಯಾಹ್ನ. ಗಿರಾಕಿ ಇರುವುದಿಲ್ಲ, ಫೋನ್ ಬಡಿಯುವುದಿಲ್ಲ, ಅವರಿಗೂ ಮನಸ್ಸಿಟ್ಟು ಮಾಡಲು ಆಗುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಕಡೆಯಿಂದ ಬಸ್ ಹಿಡಿದು ಬರುವವರು ಸಂಜೆ ಬಂದು ಸಾಲಿನಲ್ಲಿ ನಿಲ್ಲುವ ಬದಲು ಕ್ಲಾಸ್ ಇಲ್ಲದ ದಿನ ನೋಡಿಕೊಂಡು ಈ ಹೊತ್ತಿಗೆ ಬನ್ನಿ.

ಹೊರಡುವ ಮುಂಚೆ ಫೈಲ್ ಕೇಳಿ ತೆಗೆದುಕೊಳ್ಳಿ. ಜೆಪೆಗ್ ಅಷ್ಟೇ ಕೊಟ್ಟು ಕಳಿಸುತ್ತಾರೆ, ಅದು ಸಾಲದು. ಹೆಸರಿನ ಕರ್ವ್ ಫೈಲನ್ನು ಪಿಡಿಎಫ್ ಮಾಡಿಸಿ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ, ಮುಂದಿನ ಸೆಮಿಸ್ಟರ್‌ನಲ್ಲಿ ಒಳಪುಟ ಮತ್ತು ಪೋಸ್ಟರ್ ಮಾಡುವಾಗ ಅದೇ ಹೆಸರು ಬೇಕಾಗುತ್ತದೆ. ಅವರ ಕಂಪ್ಯೂಟರ್ ತುಂಬಿದಾಗ ಹಳೆಯದನ್ನೆಲ್ಲ ಅಳಿಸುತ್ತಾರೆ. ನಾವು ಕೇಳಿದಾಗ ಕೊಟ್ಟರು, ಅದಕ್ಕೆ ದುಡ್ಡು ಕೇಳಲಿಲ್ಲ.